ಕುಟ್ಟಾಣಿಯ ಗುಟ್ಟು

ಮೀನಿನ ರಸದ ಬಾಟಲಿಗೆ ಕೈಚಾಚಿದ್ದೇ ಪ್ರಸೋಪ ಮಾಡಿದ ತಪ್ಪು. ಮೊಣಕೈ ತಗುಲಿ, ಕಿಟಕಿಯ ಕಟ್ಟೆಯ ಮೇಲೆ ಬೋರಲಾಗಿ ಒಣಗುತ್ತಿದ್ದ ಮಣ್ಣಿನ ಕುಟ್ಟಾಣಿ ಕೆಳಗುರುಳಿ ಮೂರು ಹೋಳಾಯಿತು. ತಟ್ಟೆಯಲ್ಲಿದ್ದ ಕರಿದ ಮೊಟ್ಟೆ, ಸಾಕ್ಷಿ ಹೇಳಲು ಬಂದವರ ಹಾಗೆ ಅವನನ್ನೇ ನೋಡುತ್ತಿತ್ತು.

ಕುಟ್ಟಾಣಿ ಹೆಂಡತಿ ಲಮೂನಳದು. ಮದುವೆಯಾದಾಗ ತವರಿನಿಂದ ಮಡಿಲಲ್ಲಿಟ್ಟುಕೊಂಡು ಬಂದದ್ದು. ಇಪ್ಪತ್ತೆರಡು ವರ್ಷ ಅದರಲ್ಲೇ ಕೋಸಂಬರಿಗೆ ಹಸಿ ಪಪಾಯಿ ಕುಟ್ಟಿದ್ದಾಳೆ. ತಂಗಿಯ ಮಗುವನ್ನು ನೋಡಲು ಬುರಿರಾಮ್‌ಗೆ ಹೋದವಳು ಸಂಜೆಯ ರೈಲಿಗೆ ಕೋರಾಟ್‌ಗೆ ಮರಳುವವಳಿದ್ದಳು. ಬೈಯುವ ಹೆಂಗಸಾಗಿದ್ದರೆ ಪ್ರಸೋಪ ಇಷ್ಟು ಹೆದರುತ್ತಿರಲಿಲ್ಲ. ಲಮೂನ್ ಬೈಯುವುದಿಲ್ಲ, ಮಾತು ಬಿಡುತ್ತಾಳೆ. ಹೋದ ವರ್ಷ ಅವಳ ಕೊಡೆಯನ್ನು ಬಸ್ಸಿನಲ್ಲಿ ಮರೆತುಬಂದದ್ದಕ್ಕೆ ಹನ್ನೊಂದು ದಿನ. ಕುಟ್ಟಾಣಿಗೆ ಎಷ್ಟು ದಿನವೆಂದು ಯೋಚಿಸಲೂ ಧೈರ್ಯ ಸಾಲದೆ, ಹೋಳುಗಳನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟು, ಸಂಜೆಯೊಳಗೆ ಅಂಥದ್ದೇ ಇನ್ನೊಂದನ್ನು ತಂದಿಡಲು ಪೇಟೆಗೆ ಓಡಿದ.

"ಏನು ಕುಟ್ಟೋಕೆ?" ಎಂದಳು ಅಂಗಡಿಯವಳು.

"ಸುಮ್ನೆ... ಕುಟ್ಟೋಕೆ."

"ಹಾಗಂದ್ರೆ ಹೇಗಣ್ಣ? ಮಸಾಲೆಗಾದ್ರೆ ಕಲ್ಲಿಂದು, ಪಪಾಯಿಗಾದ್ರೆ ಮಣ್ಣಿಂದು. ಕಲ್ಲಲ್ಲಿ ಪಪಾಯಿ ಕುಟ್ಟಿದ್ರೆ ಗಂಜಿ ಆಗತ್ತೆ. ಹೋಗಿ ಹೆಂಡ್ತೀನ ಕೇಳ್ಕೊಂಡು ಬನ್ನಿ."

"ಹೆಂಡ್ತಿಗೆ ಗೊತ್ತಾಗಬಾರದು."

ಅಂಗಡಿಯವಳ ಹುಬ್ಬು ಮೇಲೇರಿತು. "ಓಹೋ. ಎರಡನೇ ಅಡುಗೆಮನೆಗಾ?"

ಪ್ರಸೋಪನ ಕಿವಿ ಕೆಂಪಾಯಿತು. ವೈದ್ಯರು ರೋಗಿಯ ಎದೆ ಬಡಿದು ನೋಡುವಂತೆ ಒಂದೊಂದೇ ಕುಟ್ಟಾಣಿಯನ್ನು ಗೆಣ್ಣಿನಿಂದ ತಟ್ಟಿ, ಒಡೆದದ್ದರ ಬಣ್ಣವನ್ನೇ ಹೋಲುವ ಒಂದನ್ನು ಆರಿಸಿದ. ಮರದ ಕುಟ್ಟುಗೋಲೂ ಜೊತೆಗೆ ಬಂತು. ಎರಡನ್ನೂ ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು ಓಣಿಗೆ ತಿರುಗುತ್ತಲೇ ಪಕ್ಕದ ಮನೆಯ ವಿರೋಟ್ ಎದುರಾದ.

"ಏನಣ್ಣಾ ಅದು?"

"ಕಲ್ಲಂಗಡಿ."

"ಕಲ್ಲಂಗಡಿಗೆ ಹಿಡಿಕೆ ಯಾವಾಗಿಂದ ಬಂತು?"

ಪ್ರಸೋಪ ಸರಸರನೆ ಮನೆ ಸೇರಿ ಬಾಗಿಲು ಹಾಕಿಕೊಂಡ. ಆದರೆ ಹೊಸ ಕುಟ್ಟಾಣಿ ಅಡುಗೆಮನೆಯಲ್ಲಿ ಮದುಮಗನಂತೆ ಹೊಳೆಯುತ್ತಿತ್ತು. ಇದಕ್ಕೊಂದಿಷ್ಟು ವಯಸ್ಸು ಬರಿಸಬೇಕೆಂದು ಬೆಳ್ಳುಳ್ಳಿ, ಮೆಣಸಿನಕಾಯಿ, ಹೆಚ್ಚಿದ ಪಪಾಯಿ ಹಾಕಿ ಕುಟ್ಟತೊಡಗಿದ. ಮೊದಲೆರಡು ಪೆಟ್ಟು ಅಂಜುತ್ತ ಬಿದ್ದವು. ಆಮೇಲೆ ಕೈ ತಾನಾಗಿಯೇ ಓಡಿತು.

ಆ ಓಣಿಯಲ್ಲಿ ಗೋಡೆಗಳಿರುವುದು ಹೆಸರಿಗೆ. ಯಾವ ಮನೆಯಲ್ಲಿ ಯಾರು ಕುಟ್ಟುತ್ತಿದ್ದಾರೆಂದು ಸದ್ದಿನಿಂದಲೇ ಎಲ್ಲರಿಗೂ ಗೊತ್ತು. ಎದುರುಮನೆಯ ದೊಡ್ಡಮ್ಮ ಸೈಯೂದ್‌ಗಂತೂ ಕಣ್ಣು ಮಂಜಾದ ಮೇಲೆ ಕಿವಿಯೇ ಸರ್ವಸ್ವ. ಲಮೂನಳದು ಕಚೇರಿಯಲ್ಲಿ ಮೊಹರು ಒತ್ತಿದಂಥ ನಿಧಾನದ ಪೆಟ್ಟು. ಇದು ಹಾಗಿರಲಿಲ್ಲ. ಕುಣಿಯುತ್ತಿತ್ತು.

ದೊಡ್ಡಮ್ಮ ಗೇಟಿಗೆ ಬಂದೇಬಿಟ್ಟಳು. "ಲಮೂನ್ ಬಂದ್ಲೇನೋ?"

"ಇಲ್ಲ ದೊಡ್ಡಮ್ಮ."

"ಮತ್ತೆ ಒಳಗೆ ಯಾರು?"

"ಯಾರೂ ಇಲ್ಲ."

"ಯಾರೂ ಇಲ್ದೋಳು ಚೆನ್ನಾಗಿ ಕುಟ್ತಾಳೆ ಕಣಪ್ಪ."

"ಅದು ರೇಡಿಯೋ!"

"ರೇಡಿಯೋದಿಂದ ಬೆಳ್ಳುಳ್ಳಿ ವಾಸನೆ ಬರತ್ತಾ?" ಎಂದ, ಆಗಲೇ ಬೇಲಿಗೆ ಗಲ್ಲ ಊರಿದ್ದ ವಿರೋಟ್.

ನಾನೇ ಕುಟ್ಟಿದೆ ಎಂದರೆ ಯಾವುದರಲ್ಲಿ, ಯಾಕೆ ಎಂಬ ಪ್ರಶ್ನೆಗಳು ಏಳುತ್ತವೆ. ಪ್ರಸೋಪ ಬಾಯಿ ಮುಚ್ಚಿಕೊಂಡ. ಒಂದು ಮೌನಕ್ಕೆ ಎಷ್ಟೆಲ್ಲ ಅರ್ಥ ಹುಟ್ಟಬಲ್ಲದೆಂಬುದು ದೊಡ್ಡಮ್ಮ ಫೋನು ತೆಗೆದಾಗಲೇ ಅವನಿಗೆ ತಿಳಿದದ್ದು.

ಲಮೂನ್ ರೈಲಿಗೆ ಕಾಯದೆ ವ್ಯಾನು ಹಿಡಿದು ಮಧ್ಯಾಹ್ನ ಮೂರಕ್ಕೇ ಬಂದಿಳಿದಳು. ಮಂಚದ ಕೆಳಗೆ ಬಗ್ಗಿದಳು. ಬೀರು ತೆರೆದಳು. ನೀರಿನ ಹಂಡೆಯ ಮುಚ್ಚಳವನ್ನೂ ಎತ್ತಿದಳು. ಅವಳ ಹಿಂದೆ ದೊಡ್ಡಮ್ಮ, ದೊಡ್ಡಮ್ಮನ ಹಿಂದೆ ವಿರೋಟ್.

"ಹಿತ್ತಲ ಬಾಗಿಲು ತೆರೆದಿದೆ," ಎಂದ ವಿರೋಟ್, ಎಲ್ಲ ಮುಗಿಯಿತೆಂಬ ದನಿಯಲ್ಲಿ.

ಇನ್ನು ಬಚ್ಚಿಟ್ಟರೆ ಸಂಸಾರವೇ ಹೋಳಾದೀತೆಂದು ಪ್ರಸೋಪ ಅಕ್ಕಿ ಡಬ್ಬದ ಹಿಂದಿನಿಂದ ಮೂರು ತುಂಡುಗಳನ್ನೂ ತಂದು ಹೆಂಡತಿಯ ಮುಂದಿಟ್ಟ. "ನಿನ್ನ ಕುಟ್ಟಾಣಿ ಒಡೆದೆ ಲಮೂನ್. ಹೊಸದು ತಂದೆ. ಅದನ್ನ ಹಳೇದು ಮಾಡೋಕೆ ನಾನೇ ಕುಟ್ಟಿದ್ದು. ದೇವರಾಣೆಗೂ ನಾನೇ."

ವಿರೋಟ್ ನಕ್ಕುಬಿಟ್ಟ. "ನೀವಾ? ಮೊನ್ನೆ ತಾನೆ ಅನ್ನಕ್ಕೆ ಎಷ್ಟು ನೀರು ಅಂತ ನನ್ನ ಹೆಂಡ್ತೀನ ಕೇಳಿದ್ರಿ!"

ಲಮೂನ್ ಹೋಳುಗಳತ್ತ ನೋಡಲೂ ಇಲ್ಲ. ಕುಟ್ಟುಗೋಲನ್ನು ಅವನ ಕೈಗಿಟ್ಟಳು. "ಕುಟ್ಟಿ."

ಪ್ರಸೋಪ ಕುಳಿತ. ಜೀವಮಾನವೆಲ್ಲ ಆ ಕೋಲಿನ ತುದಿಯಲ್ಲಿತ್ತು. ಕಣ್ಣು ಮುಚ್ಚಿ ಕುಟ್ಟಿದ. ಟಕ್‌ಟಕ್‌ಟಕ್, ಸರ್ರ್, ಟಣ್. ಟಕ್‌ಟಕ್‌ಟಕ್, ಸರ್ರ್, ಟಣ್. ಓಣಿ ಬೆಳಿಗ್ಗೆ ಕೇಳಿದ್ದು ಅದೇ ಸದ್ದು, ಅದೇ ಕುಣಿತ.

"ಅಯ್ಯೋ, ಅಣ್ಣಂದೇ ಕೈ!" ಎಂದ ವಿರೋಟ್, ಕೊಂಚ ನಿರಾಸೆಯಿಂದಲೇ.

ಲಮೂನ್ ಒಂದೆಳೆ ಪಪಾಯಿ ಬಾಯಿಗೆ ಹಾಕಿಕೊಂಡಳು. "ಚೆನ್ನಾಗಿದೆ," ಎಂದಳು. ಬೆಳಗಿನಿಂದ ಹಿಡಿದಿಟ್ಟಿದ್ದ ಉಸಿರನ್ನು ಪ್ರಸೋಪ ಬಿಟ್ಟ.

"ತಡಿ," ಎಂದಳು ದೊಡ್ಡಮ್ಮ, ತಲೆ ಓರೆ ಮಾಡಿ. "ಮೂರು ಪೆಟ್ಟು, ಒಂದು ತಿರುವು, ಅಂಚಿಗೊಂದು ತಟ್ಟು. ಇದು ತಾನಾಗಿ ಬರೋ ಕೈಯಲ್ಲಮ್ಮ. ಎದುರು ಕೂತು, ಕೈ ಹಿಡಿದು, ಯಾರೋ ಹೆಣ್ಣು ಕಲಿಸಿದ್ದು."

"ನಮ್ಮಮ್ಮ," ಎಂದ ಪ್ರಸೋಪ ತಕ್ಷಣ.

"ನಿಮ್ಮಮ್ಮ ನೂಡಲ್ಸ್ ಅಂಗಡಿಯೋರು. ಮನೇಲಿ ಕುಟ್ಟಾಣೀನೇ ಇರ್ಲಿಲ್ಲ ಅಂತ ನೀವೇ ಹೇಳ್ತಿದ್ರಲ್ಲಣ್ಣಾ?" ಎಂದ ವಿರೋಟ್, ಮತ್ತೆ ಗೆಲುವಾಗಿ.

ಲಮೂನ್ ಗಂಡನೆದುರು ಚಕ್ಕಳಮಕ್ಕಳ ಹಾಕಿ ಕುಳಿತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಯಾರು ಅವಳು?"

"ಯಾರೂ ಇಲ್ಲ ಕಣೆ," ಎಂದ ಪ್ರಸೋಪ ಬೆವರು ಒರೆಸಿಕೊಳ್ಳುತ್ತ. "ಮೂವತ್ತು ವರ್ಷದ ಹಿಂದಿನ ಆ ಬುಸ್ಸಬಾ ಅನ್ನೋ ಹುಡುಗೀನೆಲ್ಲ ಯಾರು ನೆನಪಿಟ್ಕೊಂಡಿರ್ತಾರೆ?"