ಒಂದು ಗಂಟೆಗೆ ಒಂದು ಮಗು

ಗಂಡ: ಒಂದೇ ಒಂದು ಗಂಟೆ ಕಣೇ. ಹನ್ನೆರಡಕ್ಕೆಲ್ಲ ವಾಪಸ್ ತಂದ್ಕೊಡ್ತೀನಿ.

ನಾನು: ತಂದ್ಕೊಡೋಕೆ ಗುಬ್ಬಿ ಏನು ಏಣಿನಾ?

ಗುಬ್ಬಿ ನಮ್ಮ ಒಂಬತ್ತು ತಿಂಗಳ ಮಗಳು. ಇವರು ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ಮದುವೆಯಾದ ಮೇಲೆ ನಾನೂ ಅಲ್ಲೇ ಓದಲು ಸೇರಿ, ಗುಬ್ಬಿ ಹುಟ್ಟಿದಾಗ ಕೊನೆಯ ವರ್ಷದಲ್ಲಿ ಬಿಟ್ಟಿದ್ದೆ. ಇವತ್ತು ಸರ್ಕಾರದಿಂದ ತಪಾಸಣೆ.

ಗಂಡ: ಅನುದಾನದ ಅರ್ಜೀಲಿ ಶಿಶುಪಾಲನಾ ಕೊಠಡಿ ಇದೆ ಅಂತ ಬರೆದುಬಿಟ್ಟಿದ್ದಾರೆ ಪ್ರಿನ್ಸಿಪಾಲರು.

ನಾನು: ಇದೆಯಾ?

ಗಂಡ: ಕೊಠಡಿ ಇದೆ.

ನಾನು: ಶಿಶು?

ಗಂಡ: ಅದನ್ನೇ ಕೇಳ್ತಿರೋದು.

ನಾನು: ಪಾಲನೆ?

ಗಂಡ: ಬೋರ್ಡಲ್ಲಿದೆ.

ನಾನು: ಯಾವಾಗಿಂದ ಇದೆ ಈ ವೈಭವ?

ಗಂಡ: ಮೂರು ವರ್ಷದಿಂದ... ಕಾಗದದಲ್ಲಿ.

ನಾನು: ಮಗು ಬಿಡೋಕೆ ಜಾಗ ಇಲ್ಲಮ್ಮ ಅಂತ ನನ್ನನ್ನ ಮನೆಗೆ ಕಳಿಸಿದ್ರಲ್ಲ, ಇದೇ ಪ್ರಿನ್ಸಿಪಾಲರು!

ಗಂಡ: ಕೂಗಬೇಡ್ವೇ. ಅನುದಾನ ನಿಂತರೆ ನನ್ನ ಸಂಬಳಾನೂ ನಿಲ್ಲುತ್ತೆ.

ನಾನು: ಸರಿ. ಗುಬ್ಬಿ ಬರ್ತಾಳೆ. ಜೊತೆಗೆ ನಾನೂ.

ಗಂಡ: ನೀನ್ಯಾಕೆ?

ನಾನು: ಅವಳಿಗಿರೋದು ಎರಡೇ ಹಲ್ಲು. ಕೇಳಿದ್ದಕ್ಕೆ ಉತ್ತರ ಹೇಳೋರು ಬೇಡ್ವಾ?

ಗುಬ್ಬಿಯ ಬಟ್ಟೆಯ ಚೀಲ ಹೆಗಲಿಗೇರಿಸಿ ಹೊರಟೆ. ಕೊಠಡಿಯ ಬೋರ್ಡಿನ ಬಣ್ಣ ಇನ್ನೂ ಕೈಗಂಟುತ್ತಿತ್ತು. ಮೂಲೆಯ ಮುರುಕು ಬೆಂಚುಗಳಿಗೆ ಹೊದಿಸಿದ್ದ ಬೆಡ್‌ಶೀಟು, ನಾನು ಎರಡು ದಿನದಿಂದ ಹುಡುಕುತ್ತಿದ್ದದ್ದು! ತಪಾಸಣೆಗೆ ಬಂದಿದ್ದ ಅಧಿಕಾರಿಣಿ ಕನ್ನಡಕ ಏರಿಸಿ ಸುತ್ತ ನೋಡಿದರು.

ಅಧಿಕಾರಿಣಿ: ಫೈಲಲ್ಲಿ ನಲವತ್ತು ಮಕ್ಕಳು. ಇಲ್ಲಿ ಒಂದೇ ಇದೆಯಲ್ರೀ?

ಪ್ರಿನ್ಸಿಪಾಲ್: ಉಳಿದವರೆಲ್ಲ... ಪಾಸಾಗಿ ಹೋದ್ರು ಮೇಡಂ.

ಅಧಿಕಾರಿಣಿ (ನನ್ನ ಕಡೆ ತಿರುಗಿ): ನೀವು ಆಯಾನಾ?

ನಾನು: ವಿದ್ಯಾರ್ಥಿನಿ ಮೇಡಂ, ಕೊನೇ ವರ್ಷ. ಮಗು ಬಿಡೋಕೆ ಜಾಗ ಇಲ್ಲ ಅಂತ ನಿಲ್ಲಿಸಿದ್ದೆ. ಈಗ ಇದೆಯಲ್ಲ, ಇವತ್ತಿಂದಲೇ ವಾಪಸ್. ಅಲ್ವಾ ಸರ್?

ಪ್ರಿನ್ಸಿಪಾಲರ ತಲೆ ಹೌದೂ ಅಲ್ಲದ ಇಲ್ಲವೂ ಅಲ್ಲದ ದಿಕ್ಕಿಗೆ ಹೊರಟಿತ್ತು. ಅಧಿಕಾರಿಣಿ ಬೆಡ್‌ಶೀಟಿನ ತುದಿ ಎತ್ತಿದರು. ತಲೆ ಹೌದಿಗೆ ಬಂದು ನಿಂತಿತು.

ಅಧಿಕಾರಿಣಿ: ಒಳ್ಳೇದು. ಪ್ರತಿ ತಿಂಗಳು ಬರ್ತೀನಿ, ಹೇಳದೇ. ಈ ಕೊಠಡಿಯ ಮೇಲ್ವಿಚಾರಕರು ಯಾರು?

ಮೂರು ವರ್ಷದ ಹಿಂದೆ ಯಾರದಾದರೂ ಹೆಸರು ಬೇಕಿತ್ತಂತೆ, ಬರೆದಿದ್ದರು. ಪ್ರಿನ್ಸಿಪಾಲರು ಫೈಲು ತೆರೆದು ಓದಿಕೊಂಡು, ಮೆಲ್ಲಗೆ ನಮ್ಮನೆಯವರ ಕಡೆ ಬೆರಳು ತೋರಿಸಿದರು.

ಗಂಡ: ನಾನಾ? ನಾನು ಇತಿಹಾಸ ಸರ್!

ಆ ಕ್ಷಣಕ್ಕೇ ಕಾದಿದ್ದವಳಂತೆ ಗುಬ್ಬಿ ಮುಖ ಕೆಂಪಗೆ ಮಾಡಿ ಮುಕ್ಕಿರಿದಳು. ಕೊಠಡಿಯಲ್ಲಿದ್ದವರೆಲ್ಲ ಮೂಗು ಮುಚ್ಚಿಕೊಂಡರು.

ಅಧಿಕಾರಿಣಿ: ಮೇಲ್ವಿಚಾರಕರೇ, ಪಾಲನೆ ಶುರುವಾಗಲಿ.

ನಾನು: ಬಟ್ಟೆ ಚೀಲದಲ್ಲಿದೆ ರೀ. ನನಗೆ ಕ್ಲಾಸಿಗೆ ಹೊತ್ತಾಯ್ತು.

ಹೋಗಿ ಮೊದಲನೇ ಬೆಂಚಿನಲ್ಲಿ ಕೂತೆ. ಇತಿಹಾಸದ ಪೀರಿಯಡ್. ಮೇಷ್ಟ್ರು ಬರಲಿಲ್ಲ.