ಮಾವನ ಕಾರಿನ ಹೊಟ್ಟೆ ಉಬ್ಬರ

ಕಾರಿಗೆ ಶೇಂಗಾ ಎಣ್ಣೆ ಕುಡಿಸಿದ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಿದ್ದೇನು ಬಂತು, ಅದೇ ಕಾರಿನಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೇನೆ. ಆ ಮಹಾನುಭಾವರು ನನ್ನ ಸೋದರಮಾವ!

ಮಾವ ಹುಟ್ಟಿ ಬೆಳೆದದ್ದು ದೊಡ್ಡಉಳ್ಳಾರ್ತಿಯ ಕಾವಲಿನಲ್ಲಿ, ಕುರಿ ದನಗಳ ಜೊತೆ. ಆಮೇಲೆ ಚಳ್ಳಕೆರೆಯಲ್ಲಿ ಮನೆ ಮಾಡಿ ಕುರಿ ವ್ಯಾಪಾರಕ್ಕಿಳಿದರು. ಪವರ್ ಸ್ಟೇರಿಂಗ್ ಅನ್ನುವುದು ನಮ್ಮ ಕಡೆ ಇನ್ನೂ ಹೊಸದಾಗಿದ್ದ ಕಾಲ ಅದು. ಅಂಥದ್ದೊಂದು ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲು ಹೋದ ಮಾವ, ಬಾನೆಟ್ ಎತ್ತಿ ಹಲ್ಲು ನೋಡಿ ವಯಸ್ಸು ಹೇಳಲು ಕುರಿಯ ಬಾಯೊಳಗೆ ಇಣುಕುವಂತೆ ಇಣುಕಿ, ಪಕ್ಕೆ ತಟ್ಟಿ, "ವಯಸ್ಸೇನಾಗಿಲ್ಲ, ಇನ್ನೂ ಎರಡು ಹಲ್ಲಷ್ಟೇ" ಎಂದು ವ್ಯಾಪಾರ ಕುದುರಿಸಿದರಂತೆ!

ಆ ಎರಡು ಹಲ್ಲಿನ ಕಾರು ಸ್ವಲ್ಪ ದಿನಕ್ಕೇ ನರಳತೊಡಗಿತು. ನೆಟ್ಟಗೆ ಹೋದರೆ ಸುಮ್ಮನಿರುತ್ತಿತ್ತು. ಸ್ಟೇರಿಂಗ್ ತಿರುಗಿಸಿದರೆ ಸಾಕು, "ಕುಂಯ್ಯ್ಯ್..." ಅಂತ ಗೋಳು.

ಮನೆಯಲ್ಲಿ ನರಳುತ್ತಿದ್ದ ಇನ್ನೊಂದು ಜೀವ ಮಾವನದು. ಅತ್ತೆಯ ತಾಯಿ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಅವರನ್ನು ನೋಡಿಕೊಳ್ಳಲು ಅತ್ತೆ ಮೊಳಕಾಲ್ಮೂರಿನ ಆಚೆ, ತೆಲುಗು ಸೀಮೆಗೆ ತಾಗಿಕೊಂಡ ತವರೂರಿಗೆ ಹೋದವರು ತಿಂಗಳುಗಳಾದರೂ ಬಂದಿರಲಿಲ್ಲ. ಬರುವ ಹಾಗೂ ಇರಲಿಲ್ಲ. ಮಾವನಿಗೆ ಹೆಂಡತಿಯನ್ನು ನೋಡಬೇಕು. ಆದರೆ ನೋಡಬೇಕು ಅಂತ ಹೇಗೆ ಹೋಗುವುದು? ನಮ್ಮಲ್ಲಿ ಅಳಿಯನಾದವನು ಹೆಂಡತಿಯ ತವರಿಗೆ ಹಬ್ಬಕ್ಕೆ ಕರೆದರೆ ಹೋಗಬೇಕು, ಇಲ್ಲವೇ ಏನಾದರೂ ಕೆಲಸವಿರಬೇಕು. ಸುಮ್ಮಸುಮ್ಮನೆ ಹೋದರೆ "ಹೆಂಡ್ತಿ ಬಿಟ್ಟಿರಾಕಾಗಲ್ಲ ಇವನಿಗೆ" ಅಂತ ಊರೇ ಆಡಿಕೊಳ್ಳುತ್ತದೆ. ಮಗಳ ಮದುವೆಯನ್ನೂ ಮಾಡಿ ಮುಗಿಸಿದ್ದ ಮಾವನಿಗೆ ಮೀಸೆಯ ಚಿಂತೆ!

ಆಗ ಕೈಹಿಡಿದದ್ದು ಈ ಕುಂಯ್ಯ್.

"ಇದರ ಸದ್ದು ಪತ್ತೆ ಮಾಡ್ಬೇಕಂದ್ರೆ ತಿರುವು ಬೇಕವ್ವಾ" ಎಂದರು ಒಂದು ಭಾನುವಾರ ನನಗೆ.

"ಚಳ್ಳಕೆರೆಯಾಗೆ ತಿರುವಿಲ್ವಾ ಮಾವ?"

"ಇಲ್ಲಿವು ಒಂದೂ ಸರಿಯಿಲ್ಲ. ಬ್ರಹ್ಮಗಿರಿ ಕಡಿಗೆ ಹೋಗ್ಬೇಕು!"

ಬ್ರಹ್ಮಗಿರಿ ಇರುವುದು ಮೊಳಕಾಲ್ಮೂರಿನ ಕಡೆಗೇ! ಅಲ್ಲಿನ ತಿರುವು ಮುಗಿಸಿದ ಮೇಲೆ ಕಾರು ತಾನಾಗಿಯೇ ಅತ್ತೆಯ ತವರಿನ ಮುಂದೆ ನಿಲ್ಲುತ್ತಿತ್ತು. "ಈ ಕಡೆ ಬಂದಿದ್ದೆ, ಇಂಜಿನ್ ಆರ್ಲಿ ಅಂತ ನಿಲ್ಲಿಸ್ದೆ" ಅನ್ನುತ್ತಿದ್ದರು. ಇಂಜಿನ್ ಆರುವಷ್ಟರಲ್ಲಿ ಊಟ ಆಗುತ್ತಿತ್ತು, ಎರಡು ಸಲ ಟೀ ಆಗುತ್ತಿತ್ತು. ಅತ್ತೆ ಒಲೆಯ ಮುಂದೆ, ಮಾವ ಜಗಲಿಯ ಮೇಲೆ. ಮಾತು ಮಾತ್ರ ಕಾರಿನದೇ. ಹೀಗೆ ಭಾನುವಾರ ಬಂತೆಂದರೆ ಕಾರಿಗೆ ಕಾಯಿಲೆ! ನಾನು ಯಾಕೆ ಜೊತೆಗೆ? ಮಾವ ಒಬ್ಬರೇ ಹೋದರೆ ಅನುಮಾನ ಬರುತ್ತದಲ್ಲ!

ಒಂದು ದಿನ ಮಾವ ಬಾನೆಟ್ಟಿಗೆ ಕಿವಿಯಿಟ್ಟು, ನನಗೆ ಸ್ಟೇರಿಂಗ್ ತಿರುಗಿಸಲು ಹೇಳಿ, ಕಣ್ಣು ಮುಚ್ಚಿ ಕೇಳಿ, "ಹೊಟ್ಟೆ ಉಬ್ಬರ!" ಎಂದು ಘೋಷಿಸಿದರು. ಹಸಿ ಮೇವು ತಿಂದು ಹೊಟ್ಟೆ ಉಬ್ಬಿದ ಕುರಿಗೆ ನಮ್ಮಲ್ಲಿ ಶೇಂಗಾ ಎಣ್ಣೆ ಕುಡಿಸುತ್ತಾರೆ. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲುಗಳಿಗೇನು ಬರವೇ? ಸ್ಟೇರಿಂಗ್ ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದವರೇ ಗಾಣದ ಎಣ್ಣೆಯನ್ನು ಗೊಳಗೊಳ ಸುರಿದರು. ಅರ್ಧ ಡಬ್ಬಿಗೆ, ಇನ್ನರ್ಧ ಬಿಸಿ ಇಂಜಿನ್ನಿನ ಮೇಲಕ್ಕೆ. ಹಾಗೇ ಹೊರಟು ದಾರಿಯ ಬಿ.ಜಿ. ಕೆರೆ ಊರು ತಲುಪುವಷ್ಟರಲ್ಲಿ ಘಮ್ ಅಂತ ವಾಸನೆ! ಟೀ ಅಂಗಡಿಯವನು ಕಾರಿನ ಸುತ್ತ ಒಂದು ಸುತ್ತು ಬಂದು, "ಏನಣ್ಣ, ಬೋಂಡಾ ಬುಟ್ಟಿ ಹಿಂದ್ಗಡೆ ಇಟ್ಟೀರಾ?" ಎಂದ.

ಅಲ್ಲಿಂದ ಮುಂದೆ ಸ್ಟೇರಿಂಗ್ ಬಿಗಿದುಕೊಂಡಿತು. ಒಂದು ತಿರುವಿನಲ್ಲಿ ಮಾವನ ಜೊತೆ ನಾನೂ ಕೈಹಾಕಿ ಎಳೆದದ್ದರಿಂದ ಈ ಪ್ರಬಂಧ ಬರೆಯಲು ಉಳಿದಿದ್ದೇನೆ. ಮರುದಿನವೇ ಅವರನ್ನು ಎಳೆದುಕೊಂಡು ಚಳ್ಳಕೆರೆಯ ಗ್ಯಾರೇಜಿಗೆ ಹೋದೆ. ಅಲ್ಲಿನ ಮೆಕ್ಯಾನಿಕ್ ಸಾಬರು ಡಬ್ಬಿಯೊಳಗೆ ಬೆರಳದ್ದಿ ಮೂಸಿದರು.

"ಯಾ ಅಲ್ಲಾ! ಇದು ಪಲ್ಯಕ್ಕೆ ಹಾಕೋ ಎಣ್ಣೆ ಅಲ್ವಾ?"

ಇದ್ದ ಎಣ್ಣೆಯನ್ನೆಲ್ಲ ಬಸಿದು ತೊಳೆದರು. ಗಾಳಿ ಎಳೆಯುತ್ತಿದ್ದ ಹಳೇ ಪೈಪ್ ಬದಲಿಸಿದರು, ಸಡಿಲವಾಗಿದ್ದ ಬೆಲ್ಟ್ ಬಿಗಿ ಮಾಡಿದರು. ಸರಿಯಾದ ಎಣ್ಣೆ ತುಂಬಿ, ಮುಂದಿನ ಗಾಲಿಗಳನ್ನು ಜಾಕಿಯ ಮೇಲೆತ್ತಿ, ಸ್ಟೇರಿಂಗನ್ನು ಆ ತುದಿಯಿಂದ ಈ ತುದಿಗೆ ನಿಧಾನವಾಗಿ ತಿರುಗಿಸಿದರು. ಡಬ್ಬಿಯಲ್ಲಿ ಗುಳುಗುಳು ಗುಳ್ಳೆ ಎದ್ದವು.

"ಹವಾ ಸೇರ್ಕೊಂಡಿತ್ತು, ಅದಕ್ಕೇ ಸದ್ದು. ಈಗ ಹೋಯ್ತು."

"ನಾನ್ ಹೇಳಿರ್ಲಿಲ್ವಾ, ಉಬ್ಬರ ಅಂತ!" ಎಂದು ಮಾವ ಮೀಸೆ ತಿರುವಿದರು. ಸಾಬರು ಕಾರನ್ನು ಬೀದಿಯಲ್ಲಿ ಎಡಕ್ಕೂ ಬಲಕ್ಕೂ ತಿರುಗಿಸಿ ತೋರಿಸಿದರು. ಉಸಿರಿಲ್ಲ! ಮಾವನ ಮುಖ ಇಳಿದುಹೋಯಿತು.

"ಒಂಚೂರಾದ್ರೂ ಸದ್ದು ಉಳಿಸ್ಬೋದಿತ್ತಲ್ಲ ಸಾಬ್ರೇ..."

ಸಾಬರು ಕೈಯಲ್ಲಿದ್ದ ಬಟ್ಟೆಯಿಂದ ಕಿವಿ ಒರೆಸಿಕೊಂಡರು.

ಭಾನುವಾರ ಬಂತು. ಮಾವ ಬಿಳಿ ಅಂಗಿ ತೊಟ್ಟು ಕಾರಿನಲ್ಲಿ ಕೂತರು, ಆದರೆ ಕೀಲಿ ತಿರುಗಿಸಲಿಲ್ಲ.

"ಹೋಗಲ್ವಾ ಮಾವ?"

"ಏನಂತ ಹೇಳ್ಕೊಂಡು ಹೋಗ್ಲವ್ವಾ? ಎಲ್ಲಾ ಸರಿಯಾಗೈತಲ್ಲ." ಸ್ಟೇರಿಂಗ್ ಸವರಿದರು. "ಸಂಜೆ ಆತಂದ್ರೆ ಮನೆ ಒಳಗೆ ಹೋಗಾಕೇ ಮನಸ್ಸಾಗಲ್ಲ."

ಅಷ್ಟು ದಿನ ಅವರನ್ನು ಗೇಲಿ ಮಾಡಿದ್ದ ನಾನು ಅವತ್ತು ಹೋಗಿ ಪಕ್ಕದಲ್ಲಿ ಕೂತು ಬಾಗಿಲು ಹಾಕಿಕೊಂಡೆ. ಮಾವ ನನ್ನ ಮುಖ ನೋಡಿ ಕಾರು ಚಾಲೂ ಮಾಡಿದರು.

ಬ್ರಹ್ಮಗಿರಿಯ ತಿರುವುಗಳಲ್ಲಿ ಕಾರು ಒಂದು ಸಲವೂ ನರಳಲಿಲ್ಲ. ಅತ್ತೆ ಬಾಗಿಲಿಗೆ ಬಂದು, "ಏನ್ರೀ, ಮತ್ತೆ ಸದ್ದು ಶುರುವಾತಾ?" ಎಂದರು. ಮಾವ ಇನ್ನೇನು ಸುಳ್ಳು ಪೋಣಿಸುತ್ತಾರೋ ಅಂತ ನಾನು ಕಾದೆ. ಅವರು ಅಂಗಳದಲ್ಲೇ ನೆಲ ನೋಡುತ್ತ ನಿಂತಿದ್ದರು.

"ಇಲ್ಲ. ನಿನ್ನ ನೋಡ್ಬೇಕು ಅನ್ನಿಸ್ತು, ಬಂದೆ."

ಅತ್ತೆ ಸರ್ರನೆ ಒಳಗೆ ಹೋದರು. ಹಾಸಿಗೆಯಲ್ಲಿದ್ದ ಅವರ ತಾಯಿ, ಅಳಿಯನ ಕಾರು ಮತ್ತೆ ಕೆಟ್ಟಿತಾ ಅಂತ ತೆಲುಗಿನಲ್ಲಿ ವಿಚಾರಿಸುವುದು ಕೇಳಿಸಿತು. ತಾಯಿಯ ಜೊತೆ ತೆಲುಗು ಬಿಟ್ಟು ಬೇರೆ ಮಾತೇ ಆಡದ ಅತ್ತೆ, ಅಂಗಳದಲ್ಲಿದ್ದವರಿಗೂ ಅರ್ಥವಾಗಲಿ ಅಂತಲೋ ಏನೋ, ಕನ್ನಡದಲ್ಲೇ, ಗಟ್ಟಿಯಾಗಿ ಹೇಳಿದರು:

"ಕಾರು ಚೆನ್ನಾಗೈತಮ್ಮಾ. ನನ್ನ ನೋಡಾಕೆ ಬಂದವ್ರೆ."