ಗಂಧ ಹಚ್ಚಿದ ಕ್ವಿಕ್‌ಡ್ರಾ

ಆಸೆಗಳಿಗೂ ವಯಸ್ಸುಂಟು ಎಂದು ಲೋಕ ನಂಬಿದೆ. ಐವತ್ತರ ಹೆಂಗಸಿಗೆ ಕಾಶಿಗೆ ಹೋಗುವ ಆಸೆ ಹುಟ್ಟಿದರೆ ಟಿಕೆಟ್ ಮಾಡಿಸಿಕೊಡುತ್ತಾರೆ. ಬಂಡೆ ಹತ್ತುವ ಆಸೆ ಹುಟ್ಟಿದರೆ ಬಿ.ಪಿ. ನೋಡಿಸುತ್ತಾರೆ. ನನ್ನದು ಎರಡನೆಯ ಬಗೆಯದು. ಚಿಕ್ಕಂದಿನಲ್ಲಿ ಅಜ್ಜಿಮನೆಗೆ ಹೋಗುವಾಗ, ಕಾರ್ಕಳ ಬರುವ ಸ್ವಲ್ಪ ಮೊದಲು, ಬಸ್ಸಿನ ಕಿಟಕಿಯಲ್ಲಿ ಒಂದು ಕರಿಬಂಡೆ ಕಾಣುತ್ತಿತ್ತು. ಗೇರುಮರ ಹತ್ತಿದರೇ 'ಇಳಿಯೇ ಹುಡುಗಿ' ಎಂದು ಗದರಿಸುತ್ತಿದ್ದ ಕಾಲದಲ್ಲಿ ಬಂಡೆಯ ಸುದ್ದಿ ಎತ್ತುವ ಧೈರ್ಯ ನನಗಿರಲಿಲ್ಲ. ಆದರೆ ಇಂದಿಗೂ ಆ ದಾರಿಯಲ್ಲಿ ಹೋದರೆ ಅದೇ ಬದಿಯ ಸೀಟು ಹಿಡಿಯುತ್ತೇನೆ, ಬಂಡೆ ಮರೆಯಾಗುವವರೆಗೆ ಕುತ್ತಿಗೆ ತಿರುಗಿಸಿ ನೋಡುತ್ತೇನೆ.

ಹೀಗಿರುವಾಗ ಮಣಿಪಾಲದ ಜಿಮ್ಮೊಂದರಲ್ಲಿ ಹತ್ತುವ ಗೋಡೆ ಕಟ್ಟಿದರು. ಪರ್ಕಳದ ನಮ್ಮ ಮನೆಯಿಂದ ದೂರವೇನಲ್ಲ. ಸೊಂಟನೋವಿಗೆ ವ್ಯಾಯಾಮವೆಂದು ಸುಳ್ಳು ಹೇಳಿ ಸೇರಿಕೊಂಡೆ. ಅಲ್ಲಿ ಕಲಿಸುವ ಪಲ್ಲವಿ ಒಂದು ದಿನ, "ಆಂಟಿ, ದಸರಾ ಕಳೆದ ಮೇಲೆ ಕಾರ್ಕಳದ ಬಂಡೆಗೆ ಹೋಗುವ. ನೀವೇ ಹಗ್ಗ ಸಿಕ್ಕಿಸುತ್ತಾ ಮುಂದೆ ಹತ್ತಿ. ನಿಮ್ಮದೇ ಕ್ವಿಕ್‌ಡ್ರಾ ತಗೊಳ್ಳಿ" ಎಂದಳು. ಯಾವ ಬಂಡೆ ಎಂದು ಕೇಳಿದೆ. ಅದೇ! ನನ್ನ ಬಸ್ಸಿನ ಕಿಟಕಿಯ ಕರಿಬಂಡೆ.

ಕ್ವಿಕ್‌ಡ್ರಾ ಎಂದರೆ ಗಟ್ಟಿ ಪಟ್ಟಿಯೊಂದರ ಎರಡು ತುದಿಗೆ ಎರಡು ಕೊಂಡಿ. ಒಂದನ್ನು ಬಂಡೆಗೆ ಹೊಡೆದ ಬೋಲ್ಟಿಗೆ ಸಿಕ್ಕಿಸಬೇಕು, ಇನ್ನೊಂದರಲ್ಲಿ ನಮ್ಮ ಹಗ್ಗ ಓಡಬೇಕು. ಎರಡನ್ನೂ ಅದಲುಬದಲು ಮಾಡಬಾರದು. ಬೋಲ್ಟಿಗೆ ಉಜ್ಜಿ ಒರಟಾದ ಕೊಂಡಿ ಹಗ್ಗವನ್ನು ತಿನ್ನುತ್ತದೆ. ಕೊಂಡಿಗೊಂದು ಸ್ಪ್ರಿಂಗಿನ ಬಾಗಿಲು. ಹಗ್ಗದ ಕಡೆಯ ಬಾಗಿಲು ಒಳಕ್ಕೆ ಬಾಗಿದ್ದರೆ ಹಗ್ಗ ಸುಲಭವಾಗಿ ಹೋಗುತ್ತದೆ. ಹಗುರವಾದದ್ದು ಹೊರಲು ಸುಖ, ಆದರೆ ಪುಟ್ಟ ಕೊಂಡಿಯೊಳಗೆ ನನ್ನ ಹಲಸಿನ ಸೊಳೆಯಂಥ ಬೆರಳು ಹೋಗಬೇಕಲ್ಲ! ಮದುವೆಯ ಸೀರೆಗೂ ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ. ಕೊನೆಗೆ ದೊಡ್ಡ ಕೊಂಡಿ, ಅಗಲ ಪಟ್ಟಿಯದನ್ನೇ ಆರಿಸಿದೆ. ಅಗಲ ಪಟ್ಟಿಯಾದರೆ ಹೆದರಿದಾಗ ಹಿಡಿದು ಜೋತಾಡಬಹುದು.

ಮನೆಗೆ ತಂದಾಗ ಗಂಡ, "ನಾಯಿಯೇ ಇಲ್ಲ, ಇಷ್ಟು ಚೈನು ಎಂತಕ್ಕೆ?" ಎಂದರು. ಅತ್ತೆ ಕನ್ನಡಕ ಹಾಕಿಕೊಂಡು ನೋಡಿ, "ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿಯಾ ಮಾರಾಯ್ತಿ?" ಎಂದು ಕೇಳಿದರು. ನಿಜ ಹೇಳಿದೆ. ಅತ್ತೆ ಬೈಯಲಿಲ್ಲ, ಒಂದೊಂದನ್ನೇ ಕೈಯಲ್ಲಿ ತೂಗಿ ನೋಡಿದರು.

ಆಯುಧಪೂಜೆಯ ದಿನ ಸ್ಕೂಟರ್, ಮಿಕ್ಸಿ, ತೆಂಗಿನಕಾಯಿ ತುರಿಯುವ ಹೆರೆಮಣೆಗಳ ಸಾಲಿನಲ್ಲಿ ನನ್ನ ಕ್ವಿಕ್‌ಡ್ರಾಗಳೂ ದಾಸವಾಳ ಮುಡಿದು ಕುಳಿತಿದ್ದವು. "ನಿನ್ನ ಜೀವ ಇದರಲ್ಲೇ ನೇತಾಡುವುದಲ್ವಾ, ಅದಕ್ಕೆ ಗಂಧ ಸ್ವಲ್ಪ ಜಾಸ್ತಿ ಹಾಕಿದ್ದೇನೆ" ಎಂದರು ಅತ್ತೆ. ಮುಂದಿನ ಭಾನುವಾರ, ಒರೆಸಿದರೆ ಎಲ್ಲಿ ಪುಣ್ಯ ಹೋಗುತ್ತದೋ ಎಂದು ಹಾಗೇ ಚೀಲಕ್ಕೆ ತುಂಬಿ ಹೊರಟೆ.

ಬಂಡೆಯ ಬುಡದಲ್ಲಿ ನಿಂತು ಅದನ್ನು ಅಂಗೈಯಿಂದ ಮುಟ್ಟಿದೆ. ಬಿಸಿಲಿಗೆ ಬೆಚ್ಚಗಿತ್ತು. ಕಿಟಕಿಯಲ್ಲಿ ಕಂಡಷ್ಟು ಸಣ್ಣದಾಗಿ ಮಾತ್ರ ಇರಲಿಲ್ಲ. ಪಲ್ಲವಿ ನನ್ನ ಕೊಂಡಿಯ ಬಾಗಿಲು ಒತ್ತಿ ಬಿಟ್ಟಳು. ಅದು ಮುಚ್ಚಿಕೊಳ್ಳಲಿಲ್ಲ. ಸ್ಪ್ರಿಂಗಿನ ಸಂದಿಯಲ್ಲೆಲ್ಲ ಗಂಧ ಒಣಗಿ ಗಟ್ಟಿಯಾಗಿತ್ತು. "ಬಾಗಿಲು ಮುಚ್ಚದಿದ್ದರೆ ಇದಕ್ಕೆ ಬಲ ಇಲ್ಲ ಆಂಟಿ. ನನ್ನದು ಉಂಟಲ್ಲ, ತಗೊಳ್ಳಿ."

"ಬೇಡ, ಅತ್ತೆ ಪೂಜೆ ಮಾಡಿದ್ದೇ ಆಗಬೇಕು" ಎಂದೆ. ಭಕ್ತಿಯ ಮಾತೆಂದು ಪಲ್ಲವಿ ನಂಬಿದಳು. ನನಗೆ ಮಾತ್ರ, ಹತ್ತುವುದು ತಪ್ಪಿತಲ್ಲ ಎಂದು, ಎದೆಯಿಂದ ದೊಡ್ಡ ಭಾರ ಇಳಿದಂತಾಗಿತ್ತು. ಜಿಮ್ಮಿನ ಹುಡುಗನೊಬ್ಬ ಅವಳ ಹಗ್ಗ ಹಿಡಿದ. ನಾನು ಕೆಳಗೆ ಕುಳಿತು ಚಕ್ಕುಲಿ ತಿನ್ನುತ್ತ, ಅವಳು ಮೇಲೆ ಹೋಗುವುದನ್ನು ನೋಡಿದೆ. ಅವಳು ತುದಿ ಮುಟ್ಟಿ ಕೈಬೀಸಿದಾಗ ಇಳಿದ ಭಾರವೆಲ್ಲ ತಿರುಗಿ ಬಂದು ಕುಳಿತಿತು.

ಮನೆಗೆ ಬಂದು ಬಿಸಿನೀರಿನಲ್ಲಿ ಹಳೆಯ ಬ್ರಷ್ಷಿನಿಂದ ಉಜ್ಜಿ ತೊಳೆದೆ. ಈಗ ಬಾಗಿಲುಗಳೆಲ್ಲ ಟಕ್ಕೆಂದು ಮುಚ್ಚಿಕೊಳ್ಳುತ್ತವೆ, ನೆಪಕ್ಕೆ ಒಂದಿಷ್ಟೂ ಜಾಗವಿಲ್ಲ. ಪಲ್ಲವಿ ಫೋನ್ ಮಾಡಿದಾಗಲೆಲ್ಲ ನನಗೆ ಸೊಂಟನೋವು; ಒಮ್ಮೆ ಹೇಳಿದ ಸುಳ್ಳು ಹೀಗೆ ಉಪಯೋಗಕ್ಕೆ ಬರುತ್ತಿದೆ. ಕೊಡದ ಕುತ್ತಿಗೆಗೆ ಗಂಟು ಹಾಕುವ ತಾಪತ್ರಯವಿಲ್ಲವೆಂದು ಅತ್ತೆ ಒಂದನ್ನು ಬಾವಿಯ ಹಗ್ಗಕ್ಕೆ ಸಿಕ್ಕಿಸಿದ್ದಾರೆ. ಕರೆಂಟು ಹೋದಾಗ ನೀರು ಸೇದುವವಳು ನಾನೇ. ಕೊಡ ತುಳುಕುತ್ತ, ಒಮ್ಮೆಯೂ ಹೆದರದೆ, ನನ್ನ ಕ್ವಿಕ್‌ಡ್ರಾ ಹಿಡಿದು ಮೇಲೆ ಬರುತ್ತದೆ. ಆ ಕೊಡವನ್ನು ಕಟ್ಟೆಯ ಮೇಲಿಟ್ಟು, ಹೊಟ್ಟೆಕಿಚ್ಚಿನಿಂದ ಸ್ವಲ್ಪ ಹೊತ್ತು ನೋಡುತ್ತೇನೆ.